ರೆವಿಟ್‌ನಲ್ಲಿ ಇಟ್ಟಿಗೆ ಪ್ಯಾಟರ್ನ್: ಗೆರೆ ಮೇಸ್ತ್ರಿಯ ವರಸೆಗೆ ಕೂರಬೇಕು

ಪ್ಲಾಸ್ಟರ್ ಬೀಳುವ ಗೋಡೆಯ ಮೇಲೆ ಇಟ್ಟಿಗೆ ಗೆರೆ ಹೇಗೆ ಎಳೆದರೂ ನಡೆದೀತು. ಇಟ್ಟಿಗೆ ಹಾಗೇ ಹೊರಗೆ ಕಾಣುವ ಗೋಡೆಯಾದರೆ ಮಾತೇ ಬೇರೆ. ಸೈಟಿನಲ್ಲಿ ಮೇಸ್ತ್ರಿಗಳು ಎಲಿವೇಶನ್ ಹಾಳೆ, ಅಂದರೆ ಗೋಡೆಯ ಎದುರು ನೋಟದ ನಕ್ಷೆ, ಹಿಡಿದು ಆ ಗೆರೆಗಳನ್ನೇ ಎಣಿಸುತ್ತಾರೆ. ಕಿಟಕಿಯ ಕೆಳಗೆ ಎಷ್ಟು ವರಸೆ, ಅಂದರೆ ಇಟ್ಟಿಗೆಯ ಸಾಲು? ಮೂಲೆಯಲ್ಲಿ ಇಡೀ ಇಟ್ಟಿಗೆಯೋ ಅರ್ಧವೋ? ಲಿಂಟಲ್ ತಳಕ್ಕೆ ಬಂದಾಗ ಇಟ್ಟಿಗೆ ಸೀಳಬೇಕೋ ಬೇಡವೋ? ಇದಕ್ಕೆಲ್ಲ ಉತ್ತರ, ಕಟ್ಟಡದ 3ಡಿ ಮಾಡೆಲ್ ಮಾಡುವ ರೆವಿಟ್ ಸಾಫ್ಟ್‌ವೇರ್‌ನ ಪ್ಯಾಟರ್ನ್‌ನಲ್ಲೇ, ಅಂದರೆ ಮೇಲ್ಮೈ ತುಂಬುವ ಗೆರೆ ವಿನ್ಯಾಸದಲ್ಲೇ, ಇರಬೇಕು. ಸಾಫ್ಟ್‌ವೇರ್ ಜೊತೆ ಬರುವ ಯಾವುದೋ ದೇಶದ ಇಟ್ಟಿಗೆ ಹ್ಯಾಚ್ ಬಳಿದು ಬಿಟ್ಟರೆ ಅದು ಸಿಗುವುದಿಲ್ಲ.

ಹಾಗಾಗಿ ಮೊದಲ ಕೆಲಸ ಕಂಪ್ಯೂಟರ್ ಮುಂದೆ ಅಲ್ಲ, ಇಟ್ಟಿಗೆ ರಾಶಿಯ ಮುಂದೆ. ಇಟ್ಟಿಗೆಯ ಭಾರತೀಯ ಮಾನಕ ಐಎಸ್ 1077 ಪ್ರಕಾರ ಮಾಡ್ಯುಲರ್ ಇಟ್ಟಿಗೆ 190×90×90 ಮಿಮೀ, ನಾನ್-ಮಾಡ್ಯುಲರ್ ಇಟ್ಟಿಗೆ 230×110×70 ಮಿಮೀ. ಒಂದೊಂದೇ ಇಟ್ಟಿಗೆ ಅಳೆಯುವುದನ್ನು ಆ ಕೋಡ್ ಹೇಳುವುದಿಲ್ಲ. 20 ಇಟ್ಟಿಗೆ ಒತ್ತೊತ್ತಾಗಿ ಜೋಡಿಸಿ ಒಟ್ಟು ಅಳತೆ ತೆಗೆಯಬೇಕು. ನಾನ್-ಮಾಡ್ಯುಲರ್‌ಗೆ ಉದ್ದ 4520ರಿಂದ 4680, ಎತ್ತರ 1360ರಿಂದ 1440 ಮಿಮೀ ಒಳಗೆ ಬಂದರೆ ಸರಿ. ಅಂದರೆ ಸರಾಸರಿ ಎತ್ತರ 68ರಿಂದ 72ರವರೆಗೆ ಹೋಗಬಹುದು. ನಮ್ಮ ಕಡೆ ಗೂಡಿನಿಂದ ಗೂಡಿಗೆ ಅಳತೆ ಬದಲಾಗುತ್ತದೆ, ವೈರ್‌ಕಟ್ ಇಟ್ಟಿಗೆಯದು ಇನ್ನೊಂದು ಲೆಕ್ಕ. ಯಾವ ಗೂಡಿನ ಲೋಡು ಬರುತ್ತದೆ ಎಂದು ಖಚಿತವಾದ ಮೇಲೆ ಈ 20ರ ಅಳತೆ ತೆಗೆದು, 20ರಿಂದ ಭಾಗಿಸಿ, ಅದಕ್ಕೆ ಗಾರೆಯ 10 ಮಿಮೀ ಸೇರಿಸಿ. ಪ್ಯಾಟರ್ನ್‌ಗೆ ಬೇಕಾದ ಎರಡು ಅಂಕಿ ಅವೇ.

ಕೆಳಗಿನ ಲೆಕ್ಕವೆಲ್ಲ 230×110×70ಕ್ಕೆ, 10 ಮಿಮೀ ಸಂದು ಸೇರಿಸಿ 240×80.

ಈ 80 ಎಂಬ ಅಂಕಿಯೇ ಎತ್ತರಗಳನ್ನೆಲ್ಲ ಆಳುತ್ತದೆ. ಅಭ್ಯಾಸದಂತೆ ಸಿಲ್, ಅಂದರೆ ಕಿಟಕಿಯ ತಳ, 900 ಹಾಕಿದರೆ ಹನ್ನೊಂದೂಕಾಲು ವರಸೆ. ಲಿಂಟಲ್ 2100 ಅಂದರೆ ಇಪ್ಪತ್ತಾರೂಕಾಲು. ಗೋಡೆ 3000 ಅಂದರೆ ಮೂವತ್ತೇಳೂವರೆ. ಮೂರೂ ಕೂರುವುದಿಲ್ಲ. ಸಿಲ್ 880, ಲಿಂಟಲ್ ತಳ 2080, ಗೋಡೆ 2960 ಅಥವಾ 3040 ಮಾಡಿದರೆ ಎಲ್ಲ ಇಡೀ ವರಸೆ. ಮಾಡ್ಯುಲರ್ ಇಟ್ಟಿಗೆಗೆ ಈ ತಲೆನೋವಿಲ್ಲ: ಸಂದು ಸೇರಿ 200×100, ಆದ್ದರಿಂದ 900, 2100, 3000 ಎಲ್ಲವೂ ಸರಿಯಾಗಿ ಕೂರುತ್ತವೆ. ಅಡ್ಡಕ್ಕೂ ಲೆಕ್ಕ ಇದೆ. ಎರಡು ಬಾಗಿಲ ನಡುವಿನ ಗೋಡೆಯ ತುಂಡು 120ರ ಮಡಿಯಲ್ಲಿ 10 ಕಮ್ಮಿ ಇರಬೇಕು, ಕಿಟಕಿಯ ಕಂಡಿ 120ರ ಮಡಿಗೆ 10 ಹೆಚ್ಚು. ಹತ್ತು ಅರ್ಧ ಇಟ್ಟಿಗೆ ಅಗಲದ ಗೋಡೆ 1190, ಅಷ್ಟೇ ಅಗಲದ ಕಂಡಿ 1210. ತುಂಡಿನ ಎರಡೂ ತುದಿ ಸೇರಿ ಒಂದು ಸಂದು ಕಳೆಯುತ್ತದೆ, ಕಂಡಿಯಲ್ಲಿ ಅದೇ ಸಂದು ಕೂಡುತ್ತದೆ.

ಈಗ ರೆವಿಟ್. ಫಿಲ್ ಪ್ಯಾಟರ್ನ್‌ನಲ್ಲಿ ಎರಡು ಜಾತಿ: ಡ್ರಾಫ್ಟಿಂಗ್ ಮತ್ತು ಮಾಡೆಲ್. ಡ್ರಾಫ್ಟಿಂಗ್ ಪ್ಯಾಟರ್ನ್‌ನ ಅಳತೆ ಕಾಗದದ ಮೇಲೆ ಸ್ಥಿರ. 1:50ರಲ್ಲಿ 30 ವರಸೆ ತೋರಿಸಿದ ಗೋಡೆ, ವ್ಯೂ ಸ್ಕೇಲನ್ನು 1:100 ಮಾಡಿದ ಕೂಡಲೇ 15 ವರಸೆ ತೋರಿಸುತ್ತದೆ. ಮಾಡೆಲ್ ಪ್ಯಾಟರ್ನ್ ಗೋಡೆಗೆ ಅಂಟಿಕೊಂಡದ್ದು, ನಿಜವಾದ ಮಿಲಿಮೀಟರ್‌ನಲ್ಲಿ ಇರುವಂಥದು. ಅದರ ಗೆರೆಯನ್ನು ಹಿಡಿದು ಸರಿಸಬಹುದು, ತಿರುಗಿಸಬಹುದು, ಅದಕ್ಕೆ ಡೈಮೆನ್ಶನ್ ಹಾಕಬಹುದು. ಮೇಲ್ಮೈಗೆ ಯಾವಾಗಲೂ ಮಾಡೆಲ್. ಕತ್ತರಿಸಿದ ಭಾಗಕ್ಕೆ, ಅಂದರೆ ಪ್ಲಾನ್ ಮತ್ತು ಸೆಕ್ಷನ್‌ನಲ್ಲಿ ಕಾಣುವ ಓರೆ ಗೆರೆಗೆ, ರೆವಿಟ್ ಡ್ರಾಫ್ಟಿಂಗ್ ಪ್ಯಾಟರ್ನನ್ನು ಮಾತ್ರ ಒಪ್ಪುತ್ತದೆ.

ಪ್ಯಾಟರ್ನ್ ಫೈಲ್ ಅಂದರೆ ಬರೀ ಟೆಕ್ಸ್ಟ್. ನೋಟ್‌ಪ್ಯಾಡ್‌ನಲ್ಲಿ ಬರೆಯಬಹುದು. ಮೊದಲ ಸಾಲು ಯೂನಿಟ್: ಸೆಮಿಕೋಲನ್, ಶೇಕಡಾ ಚಿಹ್ನೆ, ಯೂನಿಟ್ಸ್ ಎಂಬ ಪದ, ಈಕ್ವಲ್ ಚಿಹ್ನೆ, ಎಂಎಂ. ಎರಡನೆಯದು ನಕ್ಷತ್ರ ಚಿಹ್ನೆಯಿಂದ ಶುರುವಾಗುವ ಪ್ಯಾಟರ್ನ್ ಹೆಸರು. ಹೆಸರಿನ ಕೆಳಗೇ ಟೈಪ್ ಈಕ್ವಲ್ ಮಾಡೆಲ್ ಎಂಬ ಸಾಲು, ಅದಕ್ಕೂ ಸೆಮಿಕೋಲನ್ ಮತ್ತು ಶೇಕಡಾ ಚಿಹ್ನೆ ಮುಂದೆ. ಈ ಸೂಚನಾ ಪದಗಳೆಲ್ಲ ಇಂಗ್ಲಿಷ್ ದೊಡ್ಡಕ್ಷರದಲ್ಲಿ, ನಡುವೆ ಜಾಗ ಬಿಡದೆ. ಆಮೇಲೆ ಗೆರೆಗಳು. ಇಟ್ಟಿಗೆ ಜೋಡಿಸುವ ಕ್ರಮಕ್ಕೆ ಬಾಂಡ್ ಎನ್ನುತ್ತಾರೆ. ಪ್ರತಿ ವರಸೆ ಅರ್ಧ ಇಟ್ಟಿಗೆ ಸರಿದು ಕೂರುವ ಸ್ಟ್ರೆಚರ್ ಬಾಂಡ್‌ಗೆ ಎರಡೇ ಸಾಲು ಸಾಕು:

0, 0,0, 0,80
90, 0,0, 80,120, 80,-80

ಪ್ರತಿ ಸಾಲಿನಲ್ಲಿ ಮೊದಲ ಅಂಕಿ ಗೆರೆಯ ಕೋನ. ಆಮೇಲಿನ ಎರಡು, ಗೆರೆ ಶುರುವಾಗುವ ಬಿಂದು. ಅದರ ಮುಂದಿನ ಎರಡರಲ್ಲೇ ಎಲ್ಲರೂ ಎಡವುವುದು. ಮೊದಲನೆಯದು, ಮುಂದಿನ ಗೆರೆ ತನ್ನ ದಿಕ್ಕಿನಲ್ಲೇ ಎಷ್ಟು ಜಾರಬೇಕು ಎಂಬುದು. ಎರಡನೆಯದು, ಪಕ್ಕಕ್ಕೆ ಎಷ್ಟು ದೂರ ಹೋಗಬೇಕು ಎಂಬುದು. ನಿಂತ ಗೆರೆಗೆ 'ತನ್ನ ದಿಕ್ಕು' ಅಂದರೆ ಮೇಲಕ್ಕೆ. ಆದ್ದರಿಂದ 80,120 ಅಂದರೆ ಪಕ್ಕದ ಗೆರೆ 120 ಆಚೆ, ಒಂದು ವರಸೆ ಮೇಲೆ. ಇದನ್ನು 120,80 ಎಂದು ಬರೆದರೆ ಇಟ್ಟಿಗೆ ಚೂರುಚೂರಾಗಿ ಮೆಟ್ಟಿಲಿನಂತೆ ಕಾಣುತ್ತದೆ. ಕೊನೆಯ ಎರಡು ಅಂಕಿ: 80 ಗೆರೆ ಎಳೆ, 80 ಖಾಲಿ ಬಿಡು. ಮೈನಸ್ ಇದ್ದದ್ದು ಖಾಲಿ.

ಇಷ್ಟು ಬರೆದು ಪ್ಯಾಟರ್ನ್ ಆಯಿತು ಎಂದುಕೊಂಡರೆ ಒಂದು ದೊಡ್ಡ ತಪ್ಪು ಉಳಿಯುತ್ತದೆ. ಸ್ಟ್ರೆಚರ್ ಬಾಂಡ್ ನಾಲ್ಕೂವರೆ ಇಂಚಿನ ಗೋಡೆಯದು. ಒಂಬತ್ತಿಂಚಿನ ಗೋಡೆಯನ್ನು ಮೇಸ್ತ್ರಿಗಳು ಸಾಮಾನ್ಯವಾಗಿ ಇಂಗ್ಲಿಷ್ ಬಾಂಡ್‌ನಲ್ಲಿ ಕಟ್ಟುತ್ತಾರೆ: ಒಂದು ವರಸೆ ಉದ್ದ, ಮುಂದಿನದು ಅಡ್ಡ. ಗೋಡೆಯ ಎರಡೂ ಮುಖಗಳನ್ನು ಹೊಲಿಯುವುದು ಆ ಅಡ್ಡ ಇಟ್ಟಿಗೆಗಳೇ. ಒಂಬತ್ತಿಂಚಿನ ಗೋಡೆಯ ಎಲಿವೇಶನ್‌ಗೆ ಬರೀ ಉದ್ದ ಇಟ್ಟಿಗೆ ತೋರಿಸಿದರೆ, ಎರಡು ಬಿಡಿ ಗೋಡೆಗಳನ್ನು ಬೆನ್ನಿಗೆ ಬೆನ್ನು ನಿಲ್ಲಿಸಿ ಎಂದು ಹೇಳಿದಂತೆ. ಇಂಗ್ಲಿಷ್ ಬಾಂಡ್ ಹೀಗೆ:

0, 0,0, 0,80
90, 0,0, 0,240, 80,-80
90, 60,80, 0,120, 80,-80

ಪ್ರತಿ ವರಸೆಯಲ್ಲೂ ಉದ್ದ-ಅಡ್ಡ ಒಂದಾದ ಮೇಲೊಂದು ಬರುವ ಫ್ಲೆಮಿಷ್ ಬಾಂಡ್‌ನಲ್ಲಿ 240 ಮತ್ತು 120 ಸೇರಿ 360ರ ಆವರ್ತನೆ, ಮೇಲಿನ ವರಸೆ ಅದರ ಅರ್ಧ ಸರಿಯುತ್ತದೆ:

0, 0,0, 0,80
90, 0,0, 80,180, 80,-80
90, 240,0, 80,180, 80,-80

ಲಾರಿ ಬೇಕರ್ ಕೇರಳದಲ್ಲಿ ಜನಪ್ರಿಯ ಮಾಡಿದ ರ‍್ಯಾಟ್-ಟ್ರ್ಯಾಪ್ ಬಾಂಡ್ ಬೆಂಗಳೂರಿನ ಮನೆಗಳಿಗೂ ಬಂದಿದೆ. ಅದರ ಪ್ಯಾಟರ್ನ್ ರೆಡಿಮೇಡ್ ಹುಡುಕುವುದಕ್ಕಿಂತ ಬರೆದುಕೊಳ್ಳುವುದು ಸುಲಭ. ಇಲ್ಲಿ ಇಟ್ಟಿಗೆ ಮಗ್ಗುಲಾಗಿ ನಿಲ್ಲುತ್ತದೆ. ಹೊರಗೆ 230×110ರ ಮುಖ, ಅದರ ಪಕ್ಕ ಅಡ್ಡ ಇಟ್ಟಿಗೆಯ 70×110ರ ಮುಖ, ಒಳಗೆ ಪೊಳ್ಳು. ವರಸೆ 120, ಆವರ್ತನೆ 320:

0, 0,0, 0,120
90, 0,0, 120,160, 120,-120
90, 240,0, 120,160, 120,-120

ಲಾಭ ಎಷ್ಟೆಂದು ಈ ಅಂಕಿಗಳಿಂದಲೇ ತಿಳಿಯುತ್ತದೆ. 320×120ರ ಒಂದು ತುಂಡಿಗೆ ಮೂರು ಇಟ್ಟಿಗೆ, ಅಂದರೆ ಚದರ ಮೀಟರ್‌ಗೆ ಸುಮಾರು 78. ಇಂಗ್ಲಿಷ್ ಬಾಂಡ್‌ನ ಒಂಬತ್ತಿಂಚು ಗೋಡೆಗೆ ಸುಮಾರು 104, ನಾಲ್ಕೂವರೆ ಇಂಚಿಗೆ ಸುಮಾರು 52. ಕಾಲು ಭಾಗ ಇಟ್ಟಿಗೆ ಉಳಿಯಿತು. ವಾಲ್ ಶೆಡ್ಯೂಲ್‌ನಿಂದ ಏರಿಯಾ ತೆಗೆದು ಇವುಗಳಿಂದ ಗುಣಿಸಿ, ಒಡೆಯುವುದಕ್ಕೆ ಒಂದಿಷ್ಟು ಸೇರಿಸಿದರೆ ಆರ್ಡರ್ ಲೆಕ್ಕವೂ ಆಯಿತು. ಮಾಡ್ಯುಲರ್ ಇಟ್ಟಿಗೆಗೆ ಮಾತ್ರ ಈ ಬಾಂಡ್ ಆಗದು. ಅದರ ಅಗಲ, ಎತ್ತರ ಎರಡೂ 90 ಆಗಿರುವುದರಿಂದ ಮಗ್ಗುಲು ಮಾಡಿದರೂ ಒಳಗೆ ಪೊಳ್ಳು ಉಳಿಯುವುದಿಲ್ಲ.

ಗಾರೆಯ ಸಂದನ್ನು ಒಂದು ಗೆರೆಯಾಗಿ ತೋರಿಸಬೇಕೋ ಎರಡೋ? 1:50 ಮತ್ತು ಅದಕ್ಕಿಂತ ಸಣ್ಣ ಸ್ಕೇಲಿಗೆ ಒಂದೇ ಗೆರೆ. 10 ಮಿಮೀ ಸಂದು 1:100ರಲ್ಲಿ ಕಾಗದದ ಮೇಲೆ 0.1 ಮಿಮೀ, ಎರಡು ಗೆರೆ ಅಂಟಿ ದಪ್ಪ ಕಪ್ಪು ಗೀಟಾಗುತ್ತದೆ. 1:20ರ ವಿವರಕ್ಕೆ ಎರಡು ಗೆರೆ ಚೆನ್ನ. ಸ್ಟ್ರೆಚರ್ ಬಾಂಡ್‌ಗೆ ಅದು ಹೀಗೆ:

0, 0,0, 120,80, 230,-10
0, 0,70, 120,80, 230,-10
90, 0,0, 80,120, 70,-90
90, 230,0, 80,120, 70,-90

ಗೋಡೆಯ ಒಂದು ಪದರಕ್ಕೆ ಒಂದೇ ಮೆಟೀರಿಯಲ್, ಒಂದು ಮೆಟೀರಿಯಲ್‌ಗೆ ಒಂದೇ ಇಟ್ಟಿಗೆ ಗೆರೆಯ ಪ್ಯಾಟರ್ನ್ ಎಂಬುದು ನೆನಪಿರಲಿ. ಎರಡು ಗೆರೆಯದನ್ನು ಪ್ರತ್ಯೇಕವಾಗಿ ಬಿಡಿಸಿದ ವಿವರದಲ್ಲಿ ಮಾತ್ರ ಬಳಸುವುದು ಒಳ್ಳೆಯದು.

ಫೈಲ್ ಸೇವ್ ಮಾಡುವಾಗ 'ಆಲ್ ಫೈಲ್ಸ್' ಆರಿಸಿ ಪ್ಯಾಟ್ ಎಂಬ ಎಕ್ಸ್‌ಟೆನ್ಶನ್ ಕೊಡಿ. ಇಲ್ಲವಾದರೆ ನೋಟ್‌ಪ್ಯಾಡ್ ಅದರ ಹಿಂದೆ ತನ್ನದೊಂದು ಟಿಎಕ್ಸ್‌ಟಿ ಸೇರಿಸುತ್ತದೆ. ಎನ್‌ಕೋಡಿಂಗ್ ಆನ್ಸಿ ಇರಲಿ, ಕೊನೆಯ ಸಾಲಿನ ನಂತರ ಒಂದು ಎಂಟರ್ ಒತ್ತಿ. ರೆವಿಟ್‌ನಲ್ಲಿ ಮ್ಯಾನೇಜ್, ಅಡಿಷನಲ್ ಸೆಟ್ಟಿಂಗ್ಸ್, ಫಿಲ್ ಪ್ಯಾಟರ್ನ್ಸ್‌ಗೆ ಹೋಗಿ. ಅಲ್ಲಿ ಮೊದಲು 'ಮಾಡೆಲ್' ಆರಿಸಿಕೊಂಡೇ ನ್ಯೂ ಒತ್ತಬೇಕು. ಕಸ್ಟಮ್ ಆರಿಸಿ, ಫೈಲ್ ಇಂಪೋರ್ಟ್ ಮಾಡಿ, ಪಟ್ಟಿಯಿಂದ ಹೆಸರು ಹಿಡಿದು, ಸ್ಕೇಲ್ 1 ಇಡಿ. ಮಾಡೆಲ್ ಜಾತಿಯ ಪ್ಯಾಟರ್ನ್ ಈ ಫೈಲಿನಲ್ಲಿ ಇಲ್ಲ ಎಂದು ಸಾಫ್ಟ್‌ವೇರ್ ಹೇಳಿದರೆ ಟೈಪ್ ಸಾಲು ತಪ್ಪಿದೆ ಎಂದೇ ಅರ್ಥ: ಅಕ್ಷರ ತಪ್ಪಿರಬಹುದು, ಅಥವಾ ಹೆಸರಿನ ಸಾಲಿಗೂ ಅದಕ್ಕೂ ನಡುವೆ ಇನ್ನೇನೋ ಸೇರಿರಬಹುದು. ಗೆರೆ ಬಂದು, ಇಟ್ಟಿಗೆ ಸಾಸಿವೆಯಷ್ಟೋ ಕೋಣೆಯಷ್ಟೋ ಕಂಡರೆ ಯೂನಿಟ್ ಸಾಲು ನೋಡಿ. ಇಂಚು-ಮಿಲಿಮೀಟರ್ ಗೊಂದಲದಲ್ಲಿ ಅಳತೆ ಸರಿಯಾಗಿ 25.4 ಪಟ್ಟು ಏರುಪೇರಾಗುತ್ತದೆ. ಇನ್ನೊಂದು ಮಾತು: ಇಂಪೋರ್ಟ್ ಆದಮೇಲೆ ಪ್ಯಾಟರ್ನ್ ಪ್ರಾಜೆಕ್ಟ್ ಒಳಗೇ ಉಳಿಯುತ್ತದೆ. ಆಮೇಲೆ ಟೆಕ್ಸ್ಟ್ ಫೈಲ್ ತಿದ್ದಿದರೆ ಪ್ರಾಜೆಕ್ಟ್‌ನಲ್ಲಿ ಏನೂ ಬದಲಾಗದು, ಮತ್ತೆ ಇಂಪೋರ್ಟ್ ಮಾಡಬೇಕು.

ಮೆಟೀರಿಯಲ್ ಮಾಡುವಾಗ ಇರುವ ಇಟ್ಟಿಗೆಯ ಮೆಟೀರಿಯಲ್ಲನ್ನು ಡೂಪ್ಲಿಕೇಟ್ ಮಾಡಿ, ಹೆಸರಿನಲ್ಲೇ ಅಳತೆ ಮತ್ತು ಬಾಂಡ್ ಬರೆಯಿರಿ. ಗ್ರಾಫಿಕ್ಸ್ ಟ್ಯಾಬ್‌ನಲ್ಲಿ ಸರ್ಫೇಸ್ ಪ್ಯಾಟರ್ನ್‌ನ ಫೋರ್‌ಗ್ರೌಂಡ್‌ಗೆ ನಿಮ್ಮ ಪ್ಯಾಟರ್ನ್, ಬಣ್ಣ ಬೂದು. ಬ್ಯಾಕ್‌ಗ್ರೌಂಡ್‌ಗೆ ಸಾಲಿಡ್ ಫಿಲ್ ಕೊಟ್ಟು ತೆಳು ಇಟ್ಟಿಗೆ ಬಣ್ಣ ಹಾಕಬಹುದು. 2019ರ ಆವೃತ್ತಿಯಿಂದ ಈ ಎರಡು ಪದರದ ಸೌಲಭ್ಯ ಇದೆ. ಡೂಪ್ಲಿಕೇಟ್ ಮಾಡಿದರೂ ಅಪಿಯರೆನ್ಸ್, ಅಂದರೆ ರೆಂಡರ್ ಚಿತ್ರದಲ್ಲಿ ಕಾಣುವ ರೂಪ, ಹಳೆಯ ಮೆಟೀರಿಯಲ್ ಜೊತೆ ಹಂಚಿಕೊಂಡೇ ಇರುತ್ತದೆ. ಕೈ ಚಿಹ್ನೆಯ ಪಕ್ಕದ ಅಂಕಿ, ಅದನ್ನು ಎಷ್ಟು ಮೆಟೀರಿಯಲ್‌ಗಳು ಬಳಸುತ್ತಿವೆ ಎಂದು ತೋರಿಸುತ್ತದೆ. ಅದನ್ನೂ ಪ್ರತ್ಯೇಕ ಡೂಪ್ಲಿಕೇಟ್ ಮಾಡದೆ ಬಣ್ಣ ತಿದ್ದಿದರೆ ಉಳಿದ ಗೋಡೆಗಳ ಬಣ್ಣವೂ ಬದಲಾಗುತ್ತದೆ. ರೆಂಡರ್ ಚಿತ್ರದ ಅಳತೆಯನ್ನೂ ಇಟ್ಟಿಗೆಗೆ ಹೊಂದಿಸಿ: ಚಿತ್ರದಲ್ಲಿ ಅಡ್ಡಕ್ಕೆ 4 ಇಟ್ಟಿಗೆ, ಎತ್ತರಕ್ಕೆ 10 ವರಸೆ ಇದ್ದರೆ ಸ್ಯಾಂಪಲ್ ಸೈಜ್ 960×800. ಆಮೇಲೆ ಟೆಕ್ಸ್ಚರ್ ಅಲೈನ್‌ಮೆಂಟ್ ಗುಂಡಿಯಿಂದ ಅದನ್ನು ಗೆರೆಗಳ ಮೇಲೆ ಕೂರಿಸಬಹುದು.

ಗೋಡೆಗೆ ಹಚ್ಚುವುದು ವಾಲ್ ಟೈಪ್‌ನ ಸ್ಟ್ರಕ್ಚರ್‌ನಲ್ಲಿ, ಇಟ್ಟಿಗೆಯ ಪದರಕ್ಕೆ. ಪ್ಯಾಟರ್ನ್ ಮನೆಯ ಒಳಗೆ ಕಂಡು ಹೊರಗೆ ಕಾಣದಿದ್ದರೆ ಗೋಡೆ ತಿರುಗಿ ನಿಂತಿದೆ, ಆರಿಸಿ ಸ್ಪೇಸ್‌ಬಾರ್ ಒತ್ತಿ. ಗೋಡೆಯ ಒಂದು ಭಾಗಕ್ಕಷ್ಟೇ ಬೇಕಿದ್ದರೆ ಸ್ಪ್ಲಿಟ್ ಫೇಸ್ ಮಾಡಿ ಪೇಂಟ್ ಮಾಡಬಹುದು. ಪೇಂಟ್‌ಗೆ ದಪ್ಪ ಇಲ್ಲ ಎಂಬುದನ್ನು ಮರೆಯಬಾರದು. ಕ್ಲ್ಯಾಡಿಂಗ್ ಟೈಲ್‌ಗೆ ಪೇಂಟ್ ಬಳಸಿದರೆ ಸೆಕ್ಷನ್‌ನಲ್ಲಿ ಆ ಟೈಲ್ ಇರುವುದೇ ಇಲ್ಲ. ಎಲಿವೇಶನ್ ವ್ಯೂ ಮೇಲೆ ಫಿಲ್ಡ್ ರೀಜನ್, ಅಂದರೆ ಪ್ಯಾಟರ್ನ್ ತುಂಬಿದ ಬರೀ 2ಡಿ ಆಕಾರ, ಬಿಡಿಸಿ ಇಟ್ಟಿಗೆ ತೋರಿಸುವ ಅಭ್ಯಾಸ ದಯವಿಟ್ಟು ಬೇಡ. ಕಿಟಕಿ ಸರಿದಾಗ ಅದು ಸರಿಯುವುದಿಲ್ಲ, 3ಡಿಯಲ್ಲಿ ಕಾಣುವುದಿಲ್ಲ, ಪ್ರತಿ ಬದಲಾವಣೆಗೂ ಕೈಯಾರೆ ತಿದ್ದಬೇಕು.

ಇನ್ನು ಹೊಂದಿಸುವ ಕೆಲಸ. ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ, ಮೇಸ್ತ್ರಿಗಳಿಗೆ ಬೇಕಾದದ್ದೂ ಇದೇ. ರೆವಿಟ್ ಗೆರೆಯನ್ನು ತನಗೆ ತೋಚಿದಲ್ಲಿಂದ ಶುರುಮಾಡುತ್ತದೆ. ಎಲಿವೇಶನ್‌ನಲ್ಲಿ ಪ್ಲಿಂತ್ ಬೀಮ್‌ನ, ಅಂದರೆ ಗೋಡೆಯ ಬುಡದ ಕಾಂಕ್ರೀಟ್ ತೊಲೆಯ, ತಲೆಗೆ ಒಂದು ರೆಫರೆನ್ಸ್ ಪ್ಲೇನ್ (ಆಧಾರದ ಗೆರೆ) ಎಳೆಯಿರಿ. ಇಟ್ಟಿಗೆ ಕೆಲಸ ಶುರುವಾಗುವುದು ಅಲ್ಲಿಂದ, ನೆಲದ ಟೈಲ್ ಮಟ್ಟದಿಂದ ಅಲ್ಲ. ಹಿಂದಿನ 880, 2080 ಎಲ್ಲ ಎಣಿಸುವುದೂ ಈ ಗೆರೆಯಿಂದಲೇ. ಅಲೈನ್ ಆಜ್ಞೆ ಕೊಟ್ಟು ಮೊದಲು ಆ ಪ್ಲೇನ್ ಮುಟ್ಟಿ, ಆಮೇಲೆ ಇಟ್ಟಿಗೆಯ ಅಡ್ಡ ಗೆರೆಯ ಮೇಲೆ ಮೌಸ್ ಇಟ್ಟು, ಗೋಡೆಯ ಬದಲು ಗೆರೆಯೊಂದೇ ಹೊಳೆಯುವವರೆಗೆ ಟ್ಯಾಬ್ ಒತ್ತಿ, ಕ್ಲಿಕ್ ಮಾಡಿ. ಈಗ ಪ್ರತಿ ಅಡ್ಡ ಗೆರೆಯೂ ಒಂದು ವರಸೆಯ ಇಟ್ಟಿಗೆಯ ತಲೆ. ಹನ್ನೊಂದನೇ ಗೆರೆ ಸರಿಯಾಗಿ 880ಕ್ಕೆ ಬರುತ್ತದೆ. ಹಾಗೆಯೇ ನಿಂತ ಗೆರೆಯನ್ನು ಗೋಡೆಯ ಮೂಲೆಗೆ ತನ್ನಿ. ಪ್ರತಿ ಮುಖಕ್ಕೂ ಪ್ರತ್ಯೇಕವಾಗಿ ಮಾಡಬೇಕು, ಒಂದಕ್ಕೆ ಮಾಡಿದ್ದು ಇನ್ನೊಂದಕ್ಕೆ ಹೋಗುವುದಿಲ್ಲ. ಗೋಡೆಯ ಟೈಪ್ ಅಥವಾ ಮೆಟೀರಿಯಲ್ ಬದಲಿಸಿದ ಮೇಲೆ ಮತ್ತೊಮ್ಮೆ ನೋಡಿ.

ಮೂಲೆಯನ್ನು ಹತ್ತಿರದಿಂದ ನೋಡೋಣ. ಸ್ಟ್ರೆಚರ್ ಬಾಂಡ್‌ನಲ್ಲಿ ಈ ಮುಖದ ಮೊದಲ ವರಸೆ ಇಡೀ ಇಟ್ಟಿಗೆಯಿಂದ ಶುರುವಾದರೆ, ಅದೇ ಇಟ್ಟಿಗೆಯ ತುದಿ ಪಕ್ಕದ ಮುಖದಲ್ಲಿ 110 ಆಗಿ ಕಾಣುತ್ತದೆ. ಆದ್ದರಿಂದ ಪಕ್ಕದ ಮುಖದ ಪ್ಯಾಟರ್ನ್ 120 ಸರಿಯಬೇಕು: ಗೆರೆ ಆರಿಸಿ, ಮೂವ್ ಕೊಟ್ಟು 120 ಟೈಪ್ ಮಾಡಿ. ಎರಡೂ ಮುಖ ಇಡೀ ಇಟ್ಟಿಗೆಯಿಂದಲೇ ಶುರುವಾದರೆ ಅಂಥ ಮೂಲೆಯನ್ನು ಯಾರೂ ಕಟ್ಟಲಾರರು. ಇಂಗ್ಲಿಷ್ ಬಾಂಡ್‌ನಲ್ಲಿ ಒಂದು ಮುಖದ ಉದ್ದದ ವರಸೆ ಪಕ್ಕದ ಮುಖದಲ್ಲಿ ಅಡ್ಡದ ವರಸೆ. ಅಲ್ಲಿ ಪ್ಯಾಟರ್ನ್‌ನ್ನು 80 ಮೇಲಕ್ಕೆ ಸರಿಸಬೇಕು.

ಇಂಗ್ಲಿಷ್ ಬಾಂಡ್‌ನ ಮೂಲೆಯಲ್ಲಿ ಪ್ಯಾಟರ್ನ್ ಹೇಳಲಾರದ ಸಂಗತಿಯೂ ಒಂದಿದೆ. ಅಡ್ಡದ ವರಸೆಯಲ್ಲಿ ಗೆರೆಗಳು ಮೂಲೆಯಿಂದ 60, 180, 300ಕ್ಕೆ ಬೀಳುತ್ತವೆ. ಅಂದರೆ ಮೂಲೆಯಲ್ಲೇ 60ರ ಚೂರು. ಕಟ್ಟುವವರು ಮೊದಲು ಇಡೀ ಅಡ್ಡ ಇಟ್ಟಿಗೆ ಇಟ್ಟು, ಅದರ ಪಕ್ಕದಲ್ಲಿ ಉದ್ದುದ್ದ ಸೀಳಿದ ಚೂರು, ಅಂದರೆ ಕ್ವೀನ್ ಕ್ಲೋಸರ್, ಇಡುತ್ತಾರೆ. ನಿಜವಾದ ಗೆರೆಗಳು 120, 180, 300. ಚೂರು ಮೂಲೆಯ ತುದಿಗೆ ಬಂದರೆ ನಿಲ್ಲುವುದಿಲ್ಲ, ಉದುರುತ್ತದೆ. ಪ್ಯಾಟರ್ನ್‌ನಲ್ಲಿ ಇದನ್ನು ತರಲಾಗದು. 1:20ರ ಮೂಲೆಯ ವಿವರ ಪ್ರತ್ಯೇಕ ಬಿಡಿಸಿ, ಎಲಿವೇಶನ್‌ನಿಂದ ಅದಕ್ಕೆ ಕಾಲೌಟ್, ಅಂದರೆ ಆ ವಿವರವನ್ನು ತೋರಿಸುವ ಗುರುತು, ಕೊಡಿ.

ಸಣ್ಣ ಸ್ಕೇಲಿನ ಹಾಳೆಗಳಲ್ಲಿ ಇಷ್ಟು ಗೆರೆ ಬೇಡ. 80ರ ವರಸೆ 1:100ರಲ್ಲಿ 0.8 ಮಿಮೀ, 1:200ರಲ್ಲಿ 0.4, ಪ್ರಿಂಟ್ ಮಾಡಿದರೆ ಗೋಡೆ ಮಸಿ ಬಳಿದಂತೆ. ಆ ವ್ಯೂಗಳ ಟೆಂಪ್ಲೇಟ್‌ನಲ್ಲಿ ವಿಸಿಬಿಲಿಟಿ ಗ್ರಾಫಿಕ್ಸ್ ತೆರೆದು, ವಾಲ್ಸ್ ಸಾಲಿನಲ್ಲಿ ಸರ್ಫೇಸ್ ಪ್ಯಾಟರ್ನ್‌ನ ಫೋರ್‌ಗ್ರೌಂಡ್ ಮಾತ್ರ ಕಾಣದಂತೆ ಮಾಡಿ, ಬ್ಯಾಕ್‌ಗ್ರೌಂಡ್ ಬಣ್ಣ ಉಳಿಸಿ. ಪರದೆಯ ಮೇಲೆ ದೂರದಿಂದ ನೋಡಿದಾಗ ಗೆರೆಗಳು ಒಂದೇ ಬಣ್ಣವಾಗಿ ಕಲೆತುಹೋದರೆ ಗಾಬರಿ ಬೇಡ, ಹತ್ತಿರ ಹೋದರೆ ಬಿಡಿಸಿಕೊಳ್ಳುತ್ತವೆ.

ಆರ್ಕಿಕ್ಯಾಡ್‌ನಲ್ಲಿ ಇದೇ ಕೆಲಸ ಸರ್ಫೇಸ್‌ನ ವೆಕ್ಟೋರಿಯಲ್ ಹ್ಯಾಚಿಂಗ್‌ನಿಂದ ಆಗುತ್ತದೆ. ಸ್ಕೆಚ್‌ಅಪ್‌ನಲ್ಲಿ ಟೆಕ್ಸ್ಚರ್‌ನ ಅಗಲ-ಎತ್ತರ ಕೊಟ್ಟು, ಪೊಸಿಶನ್‌ನ ಪಿನ್‌ಗಳಿಂದ ಮೂಲೆಗೆ ಕೂರಿಸಬೇಕು. ವರಸೆಯ ಲೆಕ್ಕ ಮಾತ್ರ ಎಲ್ಲೂ ಬದಲಾಗುವುದಿಲ್ಲ.

ಹಾಳೆ ಸೈಟಿಗೆ ಕಳಿಸುವ ಮೊದಲು 1:50ರ ಪ್ರಿಂಟ್ ಮೇಲೆ ಸ್ಕೇಲ್ ಇಟ್ಟು ಹತ್ತು ವರಸೆ ಅಳೆಯಿರಿ: 16 ಮಿಮೀ ಬರಬೇಕು. 15 ಅಥವಾ 17 ಬಂದರೆ ಪ್ರಿಂಟರ್ 'ಫಿಟ್ ಟು ಪೇಜ್'ನಲ್ಲಿದೆಯೇ ನೋಡಿ. ಅದು ಸರಿ ಇದ್ದರೆ ಪ್ಯಾಟರ್ನ್ ಫೈಲ್ ತೆರೆದು ಆ 80 ಎಂಬ ಅಂಕಿ ಇನ್ನೊಮ್ಮೆ ಪರೀಕ್ಷಿಸಿ.